ಹೊರನಾಡ ಕನ್ನಡ ತರಗತಿಯಲ್ಲಿ ತಂತ್ರಜ್ಞಾನ: ಶಿಕ್ಷಕರು ಎಲ್ಲಿಂದ ಆರಂಭಿಸಬೇಕು?

ಮುಂಬಯಿ, ಪುಣೆ ಮತ್ತು ಗೋವಾದ ಕನ್ನಡ ಶಿಕ್ಷಕರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಶಾಲೆಗೆ ದೊಡ್ಡ ಪರದೆ ಬಂದಿದೆ, ಕೈಯಲ್ಲಿ ಮೊಬೈಲ್ ಇದೆ, ತರಬೇತಿಗಳಿಗೂ ಹೋಗಿ ಬಂದಾಗಿದೆ. ಆದರೂ ನಾಳೆಯ ಪಾಠದಲ್ಲಿ ಇವುಗಳಿಂದ ಏನು ಮಾಡಬೇಕೆಂಬುದು ಸ್ಪಷ್ಟವಾಗುತ್ತಿಲ್ಲ, ಎಲ್ಲಿಂದ ಆರಂಭಿಸಬೇಕು? ಈ ಲೇಖನ ಆ ಪ್ರಶ್ನೆಗೆ ಹಂತ ಹಂತವಾಗಿ ಉತ್ತರಿಸುವ ಪ್ರಯತ್ನ. ಇದು ಮುಖ್ಯವಾಗಿ ಕನ್ನಡ ಮಾಧ್ಯಮದ ಪ್ರಾಥಮಿಕ ಮತ್ತು ಪ್ರೌಢಶಾಲಾ ಶಿಕ್ಷಕರಿಗಾಗಿ ಬರೆದದ್ದಾದರೂ, ಕನ್ನಡ ಸಂಘಗಳಲ್ಲಿ ರಜಾದಿನಗಳಂದು ಮಕ್ಕಳಿಗೆ ಕನ್ನಡ ಕಲಿಸುತ್ತಿರುವವರಿಗೂ ಇದರ ಹೆಚ್ಚಿನ ಭಾಗ ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳೋಣ. ಮಹಾರಾಷ್ಟ್ರದ ಬಹುತೇಕ ಶಿಕ್ಷಕರ ಬಳಿ ಎಂಎಸ್‌ಸಿಐಟಿ, ಅಂದರೆ ರಾಜ್ಯದ ಕಂಪ್ಯೂಟರ್ ಸಾಕ್ಷರತೆಯ ಪ್ರಮಾಣಪತ್ರವಿದೆ. ‘ಸರಳ್’ ಮತ್ತು ಯುಡೈಸ್ ಪ್ಲಸ್ ಎಂಬ ಸರ್ಕಾರಿ ಜಾಲತಾಣಗಳಲ್ಲಿ ಮಕ್ಕಳ ಮಾಹಿತಿ ತುಂಬುವ ಅಭ್ಯಾಸವೂ ಆಗಿದೆ. ಇವೆಲ್ಲ ಅಗತ್ಯವಾದ ಕೆಲಸಗಳೇ, ಆದರೆ ಇವು ಕಚೇರಿಯ ಕೆಲಸಗಳು. ಕಂಪ್ಯೂಟರ್ ನಡೆಸಲು ಬರುವುದು ಬೇರೆ, ಕಂಪ್ಯೂಟರಿನ ನೆರವಿನಿಂದ ಭಿನ್ನರಾಶಿಯನ್ನು ಐದನೆಯ ತರಗತಿಯ ಮಗುವಿಗೆ ಮನವರಿಕೆ ಮಾಡಿಕೊಡುವುದು ಬೇರೆ. ಮರಾಠಿಯಲ್ಲಿ ‘ತಂತ್ರಸ್ನೇಹಿ ಶಿಕ್ಷಕ’, ಅಂದರೆ ತಂತ್ರಜ್ಞಾನಕ್ಕೆ ಒಗ್ಗಿಕೊಂಡ ಶಿಕ್ಷಕ, ಎಂಬ ಮಾತು ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ. ಆ ಹೆಸರಿಗೆ ಅರ್ಹರಾಗಬೇಕಾದರೆ ಬೇಕಿರುವುದು ಎರಡನೆಯ ಸಾಮರ್ಥ್ಯ.

ನಮ್ಮ ಕಡೆಯ ಕನ್ನಡ ಶಿಕ್ಷಕರಿಗೆ ಇನ್ನೊಂದು ವಿಶೇಷ ಹೊರೆಯೂ ಇದೆ. ಬೃಹನ್ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡವೂ ಸೇರಿದಂತೆ ಎಂಟು ಮಾಧ್ಯಮಗಳಲ್ಲಿ ಪಠ್ಯಪುಸ್ತಕ ಪ್ರಕಟಿಸುತ್ತದೆ. ಆದರೆ ಅಂತರ್ಜಾಲದಲ್ಲಿ ದೊರೆಯುವ ಕನ್ನಡ ಪಾಠಗಳ ಬಹುಪಾಲು ಕರ್ನಾಟಕದ ಪಠ್ಯಕ್ರಮವನ್ನು ಅನುಸರಿಸಿದವು, ಮಹಾರಾಷ್ಟ್ರದ ಪಠ್ಯಕ್ರಮದ ಸಿದ್ಧ ಸಾಮಗ್ರಿಯ ಬಹುಪಾಲು ಮರಾಠಿಯಲ್ಲಿದೆ. ಎರಡೂ ನಮಗೆ ಅರ್ಧರ್ಧ ಮಾತ್ರ ಹೊಂದುತ್ತವೆ. ಆದ್ದರಿಂದ ಇಲ್ಲಿನ ಶಿಕ್ಷಕರು ಬಳಕೆದಾರರಾಗಿಯಷ್ಟೇ ಉಳಿಯುವಂತಿಲ್ಲ, ತಮ್ಮ ಮಕ್ಕಳಿಗೆ ಬೇಕಾದ ಸಾಮಗ್ರಿಯನ್ನು ಕನ್ನಡದಲ್ಲಿ ತಾವೇ ತಯಾರಿಸಲು ಕಲಿಯಬೇಕು. ಮುಂದೆ ಬರುವ ಹಂತಗಳ ಕ್ರಮವನ್ನು ನಿರ್ಧರಿಸಿರುವುದು ಈ ಕಾರಣವೇ.

ಆರಂಭಿಸುವ ಮುನ್ನ ಬೇಕಾದವು

ದುಬಾರಿ ಸಲಕರಣೆ ಬೇಕಿಲ್ಲ. ಸಾಧಾರಣ ಆಂಡ್ರಾಯ್ಡ್ ಫೋನು, ವಾರಕ್ಕೆ ಕೆಲವು ಗಂಟೆಯಾದರೂ ಸಿಗುವ ಒಂದು ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ಶಾಲೆಯ ಕೆಲಸಕ್ಕೆಂದೇ ತೆರೆದ ಪ್ರತ್ಯೇಕ ಗೂಗಲ್ ಖಾತೆ, ಒಂದು ಪೆನ್ ಡ್ರೈವ್, ಮತ್ತು ನಿಮ್ಮ ಶಾಲೆಯ ಪ್ರೊಜೆಕ್ಟರ್ ಇಲ್ಲವೆ ದೊಡ್ಡ ಪರದೆಗೆ ಹೊಂದುವ ಎಚ್‌ಡಿಎಂಐ ಕೇಬಲ್ ಇದ್ದರೆ ಸಾಕು. ಎಚ್‌ಡಿಎಂಐ ಎಂದರೆ ಚಿತ್ರ ಮತ್ತು ಧ್ವನಿ ಎರಡನ್ನೂ ಒಟ್ಟಿಗೆ ಸಾಗಿಸುವ ತಂತಿ. ಹಳೆಯ ಪ್ರೊಜೆಕ್ಟರುಗಳಲ್ಲಿರುವ ವಿಜಿಎ ತಂತಿ ಚಿತ್ರವನ್ನು ಮಾತ್ರ ಸಾಗಿಸುವುದರಿಂದ ಅಂಥಲ್ಲಿ ಪ್ರತ್ಯೇಕ ಸ್ಪೀಕರ್ ಬೇಕಾಗುತ್ತದೆ. ವೈಯಕ್ತಿಕ ಖಾತೆಯನ್ನೇ ಶಾಲೆಗೂ ಬಳಸಬೇಡಿ. ಪರದೆಯ ಮೇಲೆ ನಿಮ್ಮ ಮನೆಯ ಫೋಟೊಗಳು, ಬ್ಯಾಂಕಿನ ಸಂದೇಶಗಳು ಮಕ್ಕಳೆದುರು ತೆರೆದುಕೊಳ್ಳುವ ಸಾಧ್ಯತೆಯನ್ನು ಆರಂಭದಲ್ಲಿಯೇ ತಪ್ಪಿಸಬೇಕು.

ಕರಾವಳಿಯ ಮಳೆಗಾಲದ ಬಗ್ಗೆ ಒಂದು ಎಚ್ಚರಿಕೆ. ಮುಂಬಯಿ ಮತ್ತು ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿರುವ ತೇವದಿಂದ ಪ್ರೊಜೆಕ್ಟರಿನ ಗಾಜಿಗೆ ಬೂಷ್ಟು ಹಿಡಿಯುತ್ತದೆ, ತಂತಿಯ ತುದಿಗಳಿಗೆ ಕಿಲುಬು ಕಟ್ಟುತ್ತದೆ. ಬಳಸದಿರುವಾಗ ಸಲಕರಣೆಯನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಬೀಗ ಹಾಕಿ ಇಡುವುದಕ್ಕಿಂತ ವಾರಕ್ಕೊಮ್ಮೆಯಾದರೂ ಅದನ್ನು ನಡೆಸುವುದು ಅದರ ಆರೋಗ್ಯಕ್ಕೆ ಒಳ್ಳೆಯದು.

ಹಂತ 1: ಸಾಧನವನ್ನಲ್ಲ, ಒಂದು ಪಾಠವನ್ನು ಆರಿಸಿಕೊಳ್ಳಿ

ಯಾವ ಆ್ಯಪ್ ಕಲಿಯಲಿ ಎಂಬ ಪ್ರಶ್ನೆಯಿಂದ ಆರಂಭಿಸಿದವರು ಬಹುಬೇಗ ದಣಿಯುತ್ತಾರೆ, ಏಕೆಂದರೆ ಆ್ಯಪ್‌ಗಳಿಗೆ ಕೊನೆಯಿಲ್ಲ. ಅದರ ಬದಲು ಮುಂದಿನ ತಿಂಗಳು ಬರಲಿರುವ ಒಂದು ಪಾಠವನ್ನು ಆರಿಸಿಕೊಳ್ಳಿ. ಮಕ್ಕಳು ಪ್ರತಿವರ್ಷ ತೊಡಕು ಅನುಭವಿಸುವ ಪಾಠವಾದರೆ ಇನ್ನೂ ಒಳ್ಳೆಯದು. ಆ ತೊಡಕು ಯಾವ ಬಗೆಯದೆಂದು ಒಂದೆರಡು ವಾಕ್ಯಗಳಲ್ಲಿ ಬರೆದುಕೊಳ್ಳಿ. ಕಣ್ಣಿಗೆ ಕಾಣದ ಸಂಗತಿಯಾದ್ದರಿಂದ ತಿಳಿಯುತ್ತಿಲ್ಲವೇ, ಪದಗಳು ಕಠಿಣವಾಗಿವೆಯೇ, ಅಥವಾ ಅಭ್ಯಾಸ ಸಾಲದೇ? ಮೊದಲನೆಯದಕ್ಕೆ ಚಿತ್ರ ಅಥವಾ ಚಲನಚಿತ್ರಿಕೆ ನೆರವಾಗುತ್ತದೆ, ಎರಡನೆಯದಕ್ಕೆ ಧ್ವನಿಮುದ್ರಣ ಮತ್ತು ಪದಪಟ್ಟಿ, ಮೂರನೆಯದಕ್ಕೆ ರಸಪ್ರಶ್ನೆ. ತೊಡಕೇನೆಂದು ತಿಳಿದರೆ ಸಾಧನ ತಾನಾಗಿ ಗೊತ್ತಾಗುತ್ತದೆ.

ಈ ವಿಚಾರವನ್ನು ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ‘ಟೀಪ್ಯಾಕ್’ ಎಂಬ ಚೌಕಟ್ಟಿನ ರೂಪದಲ್ಲಿ ಮಂಡಿಸಿದರು. ವಿಷಯದ ಜ್ಞಾನ, ಬೋಧನೆಯ ಜ್ಞಾನ, ತಂತ್ರಜ್ಞಾನದ ಜ್ಞಾನ ಎಂಬ ಮೂರೂ ಒಂದರೊಳಗೊಂದು ಬೆರೆತಾಗಲೇ ಪಾಠ ಫಲಿಸುತ್ತದೆ ಎಂಬುದು ಅದರ ತಿರುಳು. ಮೊದಲ ಎರಡು ನಿಮ್ಮಲ್ಲಿ ಈಗಾಗಲೇ ಇವೆ ಎಂಬುದನ್ನು ದಯವಿಟ್ಟು ಮರೆಯಬೇಡಿ. ಇಪ್ಪತ್ತು ವರ್ಷ ಪಾಠ ಮಾಡಿದ ಶಿಕ್ಷಕಿ, ನಿನ್ನೆ ಸೇರಿದ ತಂತ್ರಪರಿಣತ ಯುವಕನೆದುರು ಕೀಳರಿಮೆ ಪಡಬೇಕಾದ ಕಾರಣವೇ ಇಲ್ಲ.

ನೀವು ಎಲ್ಲಿದ್ದೀರಿ ಎಂದು ಅಳೆದುಕೊಳ್ಳಲು ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ ಶಿಕ್ಷಕರ ಸಾಮರ್ಥ್ಯ ಚೌಕಟ್ಟು ನೆರವಾಗುತ್ತದೆ. ಅದರಲ್ಲಿ 18 ಸಾಮರ್ಥ್ಯಗಳನ್ನು ಮೂರು ಮಟ್ಟಗಳಲ್ಲಿ ಜೋಡಿಸಲಾಗಿದೆ. ಇರುವ ಪಾಠಕ್ಕೆ ತಂತ್ರಜ್ಞಾನವನ್ನು ಸೇರಿಸುವುದು ಮೊದಲ ಮಟ್ಟ, ನಿಜಜೀವನದ ಸಮಸ್ಯೆಗಳನ್ನು ಮಕ್ಕಳು ತಂತ್ರಜ್ಞಾನದಿಂದ ಬಿಡಿಸುವಂತೆ ಮಾಡುವುದು ಎರಡನೆಯದು, ಶಿಕ್ಷಕರೂ ಮಕ್ಕಳೂ ಹೊಸ ಜ್ಞಾನವನ್ನು ಸೃಷ್ಟಿಸುವುದು ಮೂರನೆಯದು. ಮೊದಲ ವರ್ಷ ಮೊದಲ ಮಟ್ಟದಲ್ಲಿ ಗಟ್ಟಿಯಾಗಿ ನಿಂತರೆ ಅದೇ ಒಳ್ಳೆಯ ಸಾಧನೆ.

ಹಂತ 2: ಯೂನಿಕೋಡ್ ಕನ್ನಡದಲ್ಲಿ ಬರೆಯಲು ಕಲಿಯಿರಿ

ಉಳಿದೆಲ್ಲ ಹಂತಗಳೂ ಇದರ ಮೇಲೆ ನಿಂತಿರುವುದರಿಂದ ಇಲ್ಲಿ ಸಮಯ ಕೊಡಿ. ಕನ್ನಡದಲ್ಲಿ ಸರಾಗವಾಗಿ ಬರೆಯಲು ಬಾರದ ಶಿಕ್ಷಕರು ಎಷ್ಟು ಆ್ಯಪ್ ಕಲಿತರೂ ಬೇರೆಯವರು ಮಾಡಿಟ್ಟದ್ದನ್ನೇ ತೋರಿಸುತ್ತ ಇರಬೇಕಾಗುತ್ತದೆ.

ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ನಿಶ್ಚಿತ ಸಂಖ್ಯೆಯೊಂದನ್ನು ಕೊಟ್ಟಿರುವ ಅಂತರರಾಷ್ಟ್ರೀಯ ವ್ಯವಸ್ಥೆ. ಈ ಕ್ರಮದಲ್ಲಿ ಬರೆದ ಕನ್ನಡ ಯಾವ ಫೋನಿನಲ್ಲಾಗಲಿ, ಯಾವ ಊರಿನ ಕಂಪ್ಯೂಟರಿನಲ್ಲಾಗಲಿ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ಹಿಂದೆ ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಪ್ರಶ್ನೆಪತ್ರಿಕೆಗಳು ಹಾಗಲ್ಲ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತವೆ. ಎರಡೂ ತಂತ್ರಾಂಶಗಳಲ್ಲಿ ಈಗ ಯೂನಿಕೋಡ್‌ನಲ್ಲಿ ಬರೆಯುವ ಸೌಲಭ್ಯವಿದೆ. ಹಳೆಯದಕ್ಕೆ ಕೈ ಪಳಗಿದವರು ಕೀಲಿಮಣೆಯನ್ನು ಬದಲಿಸಬೇಕಿಲ್ಲ, ಆಯ್ಕೆಯನ್ನು ಮಾತ್ರ ಯೂನಿಕೋಡ್‌ಗೆ ಬದಲಿಸಿದರೆ ಸಾಕು.

ಹೊಸದಾಗಿ ಕಲಿಯುವವರಿಗೆ ಸುಲಭವಾದ ದಾರಿ ಹೀಗಿದೆ.

ಫೋನಿನಲ್ಲಿ ಜಿಬೋರ್ಡ್ ಕೀಲಿಮಣೆಯ ಸೆಟ್ಟಿಂಗ್ಸ್ ತೆರೆದು ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿ. ನೇರವಾಗಿ ಕನ್ನಡ ಅಕ್ಷರಗಳಿರುವ ವಿನ್ಯಾಸ, ರೋಮನ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ವಿನ್ಯಾಸ ಎರಡೂ ಅದರಲ್ಲಿವೆ. ಮೈಕಿನ ಗುರುತನ್ನು ಒತ್ತಿ ಮಾತನಾಡಿದರೆ ಮಾತು ಬರಹವಾಗುತ್ತದೆ. ದೀರ್ಘ ಟಿಪ್ಪಣಿಗಳನ್ನು ಹೀಗೆ ಉಕ್ತಲೇಖನ ಕೊಟ್ಟು ಆನಂತರ ತಿದ್ದುವುದು ವೇಗದ ಮಾರ್ಗ. ಆದರೆ ತಿದ್ದದೆ ಎಂದೂ ಬಳಸಬೇಡಿ, ಏಕೆಂದರೆ ಅಲ್ಪಪ್ರಾಣ ಮಹಾಪ್ರಾಣಗಳೂ ಲೇಖನಚಿಹ್ನೆಗಳೂ ಅದರಲ್ಲಿ ಆಗಾಗ ತಪ್ಪುತ್ತವೆ, ಮತ್ತು ಶಿಕ್ಷಕರ ಬರಹದಲ್ಲಿನ ತಪ್ಪನ್ನು ಮಕ್ಕಳು ಸರಿಯೆಂದೇ ಕಲಿಯುತ್ತಾರೆ.

ವಿಂಡೋಸ್ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್‌ನ ‘ಸಮಯ ಮತ್ತು ಭಾಷೆ’ ವಿಭಾಗಕ್ಕೆ ಹೋಗಿ ಕನ್ನಡವನ್ನು ಸೇರಿಸಿ, ಅದರ ಆಯ್ಕೆಗಳಲ್ಲಿ ‘ಕನ್ನಡ ಫೊನೆಟಿಕ್’ ಕೀಲಿಮಣೆಯನ್ನು ಆರಿಸಿ. 2019ರ ನಂತರದ ವಿಂಡೋಸ್ ಆವೃತ್ತಿಗಳಲ್ಲಿ ಇದು ಒಳಗೇ ಇದೆ, ಬೇರೇನನ್ನೂ ಸ್ಥಾಪಿಸಬೇಕಿಲ್ಲ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಕೀಲಿಯನ್ನು ಒಟ್ಟಿಗೆ ಒತ್ತಿದರೆ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಬಹುದು. ದಿನಕ್ಕೆ ಒಂದು ಪುಟದಂತೆ ಪಠ್ಯಪುಸ್ತಕದ ಗದ್ಯವನ್ನು ನಕಲು ಬರೆದು ಅಭ್ಯಾಸ ಮಾಡಿದರೆ ಕೈ ಬೇಗ ಪಳಗುತ್ತದೆ.

ನಿಮ್ಮಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ, ಟಿಪ್ಪಣಿಗಳ ಸಂಗ್ರಹವಿದ್ದರೆ ಅದನ್ನು ಎಸೆಯಬೇಡಿ. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಮುದ್ರಿತ ಹಾಳೆಯಾದರೆ ಅದರ ಸ್ಪಷ್ಟ ಫೋಟೊ ತೆಗೆದು ಗೂಗಲ್ ಡ್ರೈವ್‌ಗೆ ಏರಿಸಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆದರೆ ಚಿತ್ರದೊಳಗಿನ ಕನ್ನಡ ಅಕ್ಷರಗಳು ತಿದ್ದಬಹುದಾದ ಬರಹವಾಗಿ ಬರುತ್ತವೆ. ಎರಡೂ ವಿಧಾನಗಳಲ್ಲಿ ಅರ್ಕಾವತ್ತು, ಒತ್ತಕ್ಷರ ಮತ್ತು ಸೊನ್ನೆಗಳ ಕಡೆ ವಿಶೇಷ ಗಮನವಿಟ್ಟು ಕರಡು ತಿದ್ದಬೇಕು.

ಪರದೆಯ ಮೇಲೆ ತೋರಿಸುವ ಬರಹದಲ್ಲಿ ಬಹುಮಂದಿ ಎಡವುವುದು ಅಕ್ಷರದ ಗಾತ್ರದಲ್ಲಿ. ಇಂಗ್ಲಿಷಿಗೆ ಸಾಲುವ ಗಾತ್ರ ಕನ್ನಡಕ್ಕೆ ಸಾಲದು, ಏಕೆಂದರೆ ನಮ್ಮ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು, ಕೊನೆಯ ಬೆಂಚಿನ ಮಗುವಿಗೆ ‘ತ್ತ’ ಮತ್ತು ‘ತ್ರ’ ಒಂದೇ ರೀತಿ ಕಾಣಬಹುದು. 32 ಪಾಯಿಂಟ್‌ಗಿಂತ ಕಡಿಮೆ ಇಡಬೇಡಿ, ಸಾಲುಗಳ ನಡುವಿನ ಅಂತರವನ್ನು 1.3ರಷ್ಟು ಹೆಚ್ಚಿಸಿ, ಒಂದು ಪರದೆಗೆ ಆರು ಸಾಲು ಮೀರದಂತೆ ನೋಡಿಕೊಳ್ಳಿ. ನೋಟೊ ಸಾನ್ಸ್ ಕನ್ನಡದಂತಹ ಸರಳ ಫಾಂಟು ಸಾಕು. ಸಿದ್ಧವಾದದ್ದನ್ನು ಪಿಡಿಎಫ್ ರೂಪದಲ್ಲಿಯೂ ಉಳಿಸಿಕೊಂಡರೆ ಶಾಲೆಯ ಕಂಪ್ಯೂಟರಿನಲ್ಲಿ ಯಾವ ಫಾಂಟು ಇದೆ ಎಂಬ ಆತಂಕವಿರುವುದಿಲ್ಲ.

ಹಂತ 3: ಸಿದ್ಧ ಸಾಮಗ್ರಿಯನ್ನು ಪರೀಕ್ಷಿಸಿ ಆರಿಸಿಕೊಳ್ಳಿ

ಎಲ್ಲವನ್ನೂ ನೀವೇ ತಯಾರಿಸಬೇಕಿಲ್ಲ. ಮೊದಲು ಪಠ್ಯಪುಸ್ತಕದಿಂದಲೇ ಹೊರಡಿ. ಬಾಲಭಾರತಿ ಪುಸ್ತಕಗಳ ಮೊದಲ ಪುಟದಲ್ಲಿಯೂ ಪಾಠಗಳಲ್ಲಿಯೂ ಇರುವ ಕ್ಯೂಆರ್ ಕೋಡ್, ಅಂದರೆ ಫೋನಿನ ಕ್ಯಾಮೆರಾ ಓದಬಲ್ಲ ಕಪ್ಪುಬಿಳುಪು ಚೌಕ, ದೀಕ್ಷಾ ಆ್ಯಪ್‌ನಲ್ಲಿ ಆ ಪಾಠದ ಡಿಜಿಟಲ್ ಸಾಮಗ್ರಿಯನ್ನು ತೆರೆಯುತ್ತದೆ. ದೀಕ್ಷಾ ಎಂಬುದು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಶೈಕ್ಷಣಿಕ ವೇದಿಕೆ. ಅದರಲ್ಲಿ ರಾಜ್ಯ ಮಂಡಳಿ, ಮಾಧ್ಯಮ ಮತ್ತು ತರಗತಿಯನ್ನು ನೀವೇ ಆರಿಸಬೇಕಾಗುತ್ತದೆ. ಅಲ್ಲಿ ಕರ್ನಾಟಕವನ್ನು ಆರಿಸಿಬಿಟ್ಟು ಬೇರೆ ಪಠ್ಯಕ್ರಮದಲ್ಲಿ ಅಲೆಯುವುದು ಸಾಮಾನ್ಯ ತಪ್ಪು. ಬೇಕಾದ ವಿಡಿಯೊವನ್ನು ಮನೆಯ ಅಥವಾ ಶಾಲಾ ಕಚೇರಿಯ ವೈಫೈನಲ್ಲಿ ಮೊದಲೇ ಇಳಿಸಿಕೊಂಡರೆ ತರಗತಿಯಲ್ಲಿ ಇಂಟರ್‌ನೆಟ್ ಇಲ್ಲದೆಯೂ ತೋರಿಸಬಹುದು. ಪಾಠಕ್ಕೆ ಸಂಬಂಧಿಸಿದ ಒಳ್ಳೆಯ ವಿಡಿಯೊ ಮರಾಠಿ ಅಥವಾ ಹಿಂದಿಯಲ್ಲಿ ಮಾತ್ರ ಇದ್ದರೆ ಅದನ್ನು ಬಿಟ್ಟುಬಿಡಬೇಕಿಲ್ಲ. ಧ್ವನಿಯನ್ನು ಅಡಗಿಸಿ, ಬೇಕಾದಲ್ಲಿ ನಿಲ್ಲಿಸಿ, ನೀವೇ ಕನ್ನಡದಲ್ಲಿ ವಿವರಿಸಿ. ಮಕ್ಕಳ ಮುಖ ನೋಡಿಕೊಂಡು ವೇಗವನ್ನು ಹೊಂದಿಸಬಹುದಾದ್ದರಿಂದ ಈ ಕ್ರಮ ಸಿದ್ಧ ಧ್ವನಿಗಿಂತ ಉತ್ತಮವೆಂದು ನನ್ನ ಅಭಿಪ್ರಾಯ.

ವಿಜ್ಞಾನ ಮತ್ತು ಗಣಿತಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಅನುಕರಣೆಗಳು ಬಹಳ ಉಪಯುಕ್ತ. ಅನುಕರಣೆ ಎಂದರೆ ಪರದೆಯ ಮೇಲೆಯೇ ಪ್ರಯೋಗ ಮಾಡಬಹುದಾದ ಚಿಕ್ಕ ತಂತ್ರಾಂಶ. ವಿದ್ಯುನ್ಮಂಡಲದಲ್ಲಿ ತಂತಿ ಜೋಡಿಸಿ ಬಲ್ಬು ಹೊತ್ತಿಸುವುದು, ಭಿನ್ನರಾಶಿಯನ್ನು ತುಂಡುಗಳಾಗಿ ಹಂಚುವುದು ಮೊದಲಾದವನ್ನು ಮಕ್ಕಳು ಕೈಯಾರೆ ಮಾಡಿ ನೋಡಬಹುದು. ಕೆಲವು ಕನ್ನಡ ಭಾಷೆಯಲ್ಲಿಯೇ ಲಭ್ಯ, ಅವನ್ನು ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆಯೂ ನಡೆಸಬಹುದು. ಖಾನ್ ಅಕಾಡೆಮಿಯಲ್ಲಿಯೂ ಕನ್ನಡ ಗಣಿತ ಪಾಠಗಳಿವೆ.

ಭೂಗೋಳಕ್ಕೆ ಗೂಗಲ್ ಅರ್ಥ್‌ಗಿಂತ ಒಳ್ಳೆಯ ಉಚಿತ ಸಾಧನ ನನಗೆ ತಿಳಿದಿಲ್ಲ. ನದಿಗಳ ಪಾಠಕ್ಕೆ ಭೀಮಾ ನದಿಯನ್ನೇ ತೆಗೆದುಕೊಳ್ಳಿ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಈ ನದಿಗೆ ಪುಣೆ ನಗರದ ಮುಳಾ-ಮುಠಾ ಬಂದು ಸೇರುತ್ತದೆ. ಅದು ಉಜನಿ ಅಣೆಕಟ್ಟನ್ನು ದಾಟಿ, ಪಂಢರಪುರದ ಬಳಿ ಅರ್ಧಚಂದ್ರಾಕಾರವಾಗಿ ತಿರುಗಿ ಚಂದ್ರಭಾಗಾ ಎನಿಸಿಕೊಂಡು, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ರಾಯಚೂರಿನ ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಮುಂಬಯಿ ಪುಣೆಗಳ ಕನ್ನಡ ಶಾಲೆಗಳಲ್ಲಿ ಈ ಜಿಲ್ಲೆಗಳಿಂದ ಬಂದ ಕುಟುಂಬಗಳ ಮಕ್ಕಳು ಅನೇಕರಿದ್ದಾರೆ. ಗೂಗಲ್ ಅರ್ಥ್‌ನ ‘ಪ್ರಾಜೆಕ್ಟ್’ ವಿಭಾಗದಲ್ಲಿ ಈ ಸ್ಥಳಗಳಿಗೆ ಒಂದೊಂದು ಗುರುತು ಹಾಕಿ, ಪ್ರತಿ ಗುರುತಿಗೂ ಕನ್ನಡದಲ್ಲಿ ಎರಡು ವಾಕ್ಯಗಳ ವಿವರಣೆ ಬರೆದರೆ, ತರಗತಿಯಲ್ಲಿ ಮೂಲದಿಂದ ಸಂಗಮದವರೆಗೆ ಹಾರುತ್ತ ಹೋಗಬಹುದು. ತಮ್ಮ ಊರು ನದಿಯಿಂದ ಎಷ್ಟು ದೂರವೆಂದು ಮಕ್ಕಳೇ ಅಳೆಯಲಿ. ಅಳತೆಯ ಸಾಧನ ಅದರಲ್ಲಿಯೇ ಇದೆ. ಪಠ್ಯಪುಸ್ತಕದ ನಕ್ಷೆಯಲ್ಲಿ ಒಂದು ಗೆರೆಯಾಗಿ ಕಂಡದ್ದು ಮಗುವಿಗೆ ತನ್ನ ಅಜ್ಜನ ಹೊಲದ ನೀರಾಗಿ ಅರ್ಥವಾಗುವುದು ಇಲ್ಲಿ. ಗೋವಾದ ಶಿಕ್ಷಕರು ಇದೇ ಕ್ರಮದಲ್ಲಿ ಮಾಂಡವಿಯನ್ನು ತೆಗೆದುಕೊಳ್ಳಬಹುದು. ಕರ್ನಾಟಕದಲ್ಲಿ ಮಹದಾಯಿ ಎನಿಸಿಕೊಂಡು ಹುಟ್ಟುವ ಆ ನದಿ ಪಣಜಿಯಲ್ಲಿ ಸಮುದ್ರ ಸೇರುತ್ತದೆ.

ಕರ್ನಾಟಕದ ವಿಡಿಯೊ ಪಾಠಗಳನ್ನು ಬಳಸುವಾಗ ಪೂರ್ತಿ ನೋಡದೆ ತರಗತಿಯಲ್ಲಿ ಹಾಕಬೇಡಿ. ಒಂದೇ ಪರಿಕಲ್ಪನೆಗೆ ನಿಮ್ಮ ಪುಸ್ತಕದಲ್ಲಿರುವ ಪಾರಿಭಾಷಿಕ ಪದ ಬೇರೆಯಿರಬಹುದು, ಆಗ ಪರೀಕ್ಷೆಯಲ್ಲಿ ಮಕ್ಕಳು ಗೊಂದಲಕ್ಕೊಳಗಾಗುತ್ತಾರೆ. ಎರಡೂ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು ವಿಡಿಯೊ ಆರಂಭಿಸುವುದೇ ಇದಕ್ಕೆ ಸರಳ ಪರಿಹಾರ.

ಹಕ್ಕುಸ್ವಾಮ್ಯದ ಬಗ್ಗೆಯೂ ಅನೇಕರು ಕೇಳುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮು, ಬೋಧನೆಯ ಸಂದರ್ಭದಲ್ಲಿ ಕೃತಿಗಳನ್ನು ಬಳಸಲು ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಅವಕಾಶ ಕೊಟ್ಟಿದೆ. ತರಗತಿಯೊಳಗೆ ಒಂದು ಕವಿತೆಯನ್ನು ಪರದೆಯ ಮೇಲೆ ತೋರಿಸುವುದಕ್ಕೂ ಅದನ್ನೇ ಯೂಟ್ಯೂಬ್‌ನಲ್ಲಿ ಎಲ್ಲರಿಗೂ ಪ್ರಕಟಿಸುವುದಕ್ಕೂ ವ್ಯತ್ಯಾಸವಿದೆಯೆಂಬುದು ನೆನಪಿರಲಿ.

ಹಂತ 4: ನಿಮ್ಮದೇ ಚಿಕ್ಕ ವಿಡಿಯೊ ತಯಾರಿಸಿ

ಐದಾರು ನಿಮಿಷ ಮೀರದ ವಿಡಿಯೊ ಸಾಕು. ಎಡ್ಎಕ್ಸ್ ಎಂಬ ಆನ್‌ಲೈನ್ ಶಿಕ್ಷಣ ವೇದಿಕೆಯ ಪಾಠಗಳನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆರು ನಿಮಿಷಕ್ಕಿಂತ ಚಿಕ್ಕ ವಿಡಿಯೊಗಳಲ್ಲಿಯೇ ಕಲಿಯುವವರ ಗಮನ ಹೆಚ್ಚು ನಿಲ್ಲುತ್ತದೆ ಎಂದು ಕಂಡುಕೊಂಡಿತು. ಅದು ವಯಸ್ಕ ಕಲಿಕೆದಾರರ ಮಾತಾಯಿತು, ಮಕ್ಕಳಿಗೆ ಇನ್ನೂ ಚಿಕ್ಕದಾದರೂ ತೊಂದರೆಯಿಲ್ಲ. ಒಂದು ವಿಡಿಯೊದಲ್ಲಿ ಒಂದೇ ವಿಷಯವಿರಲಿ.

ಮುಖ ತೋರಿಸಲು ಸಂಕೋಚವಿದ್ದರೆ ತೋರಿಸಬೇಕಿಲ್ಲ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೆಳಮುಖವಾಗಿ ನಿಲ್ಲಿಸಿ, ಕಾಗದದ ಮೇಲೆ ನೀವು ಬರೆಯುವುದನ್ನು ಚಿತ್ರೀಕರಿಸುತ್ತ ವಿವರಿಸಿ. ಗಣಿತಕ್ಕೂ ಅಕ್ಷರಾಭ್ಯಾಸಕ್ಕೂ ಇದಕ್ಕಿಂತ ಸೂಕ್ತ ವಿಧಾನವಿಲ್ಲ; ‘ಋ’ ಅಕ್ಷರವನ್ನು ಎಲ್ಲಿಂದ ಆರಂಭಿಸಿ ಹೇಗೆ ತಿರುಗಿಸಬೇಕೆಂದು ಮಗು ಮನೆಯಲ್ಲಿ ಮತ್ತೆ ಮತ್ತೆ ನೋಡಬಹುದು. ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ ಮಾತನಾಡುವ ಅಥವಾ ನೆರೆಹೊರೆಯಲ್ಲಿ ಮರಾಠಿ ಹಿಂದಿಗಳನ್ನೇ ಕೇಳುವ ಮಕ್ಕಳಿಗೆ ಶಿಕ್ಷಕರ ಸ್ಪಷ್ಟ ಕನ್ನಡ ಉಚ್ಚಾರಣೆ ಮನೆಗೂ ತಲುಪುವುದು ಸಣ್ಣ ಲಾಭವಲ್ಲ. ಪರದೆಯ ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಮುದ್ರಿಸಬೇಕಾದರೆ ಕಂಪ್ಯೂಟರಿನಲ್ಲಿ ಓಬಿಎಸ್ ಸ್ಟುಡಿಯೊ ಎಂಬ ಉಚಿತ ತಂತ್ರಾಂಶವಿದೆ.

ಚಿತ್ರ ಮಸುಕಾದರೂ ಮಕ್ಕಳು ಸಹಿಸುತ್ತಾರೆ, ಧ್ವನಿ ಕೆಟ್ಟರೆ ಯಾರೂ ಕೇಳುವುದಿಲ್ಲ. ಮುಂಬಯಿಯ ಮನೆಗಳಲ್ಲಿ ಲೋಕಲ್ ರೈಲು, ಕುಕ್ಕರ್, ಕೆಳಗಿನ ರಸ್ತೆ ಇವುಗಳ ಸದ್ದನ್ನು ಪೂರ್ತಿ ತಪ್ಪಿಸಲಾಗದು. ಬೆಳಗಿನ ಜಾವದಲ್ಲಿ, ಫ್ಯಾನ್ ನಿಲ್ಲಿಸಿ, ಬಟ್ಟೆಯ ಕಪಾಟಿನ ಸಮೀಪ ಕುಳಿತು, ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕಿನಲ್ಲಿ ಮುದ್ರಿಸಿದರೆ ಸಾಕಷ್ಟು ಸ್ವಚ್ಛವಾಗಿ ಬರುತ್ತದೆ.

ಯೂಟ್ಯೂಬ್‌ಗೆ ಏರಿಸುವಾಗ ‘ಅನ್‌ಲಿಸ್ಟೆಡ್’ ಆಯ್ಕೆಯನ್ನು ಬಳಸಿ. ಆಗ ಕೊಂಡಿ ಇರುವವರು ಮಾತ್ರ ವಿಡಿಯೊ ನೋಡಬಲ್ಲರು, ಹುಡುಕಾಟದಲ್ಲಿ ಅದು ಕಾಣಿಸದು. ಮಕ್ಕಳಿಗಾಗಿ ತಯಾರಿಸಿದ್ದು ಎಂದು ಗುರುತಿಸಿದರೆ ಅಪರಿಚಿತರು ಅದರ ಕೆಳಗೆ ಪ್ರತಿಕ್ರಿಯೆ ಬರೆಯಲು ಆಗುವುದಿಲ್ಲ.

ಹಂತ 5: ಕಲಿತದ್ದನ್ನು ಪರಿಶೀಲಿಸಲು ಬಳಸಿ

ಕೈ ಎತ್ತುವ ಐದಾರು ಮಕ್ಕಳ ಉತ್ತರದಿಂದ ಇಡೀ ತರಗತಿಗೆ ತಿಳಿಯಿತೆಂದು ಭಾವಿಸುವುದು ನಮ್ಮೆಲ್ಲರ ಹಳೆಯ ಅಭ್ಯಾಸ. ಅದನ್ನು ಸರಿಪಡಿಸಲು ತಂತ್ರಜ್ಞಾನ ನಿಜವಾಗಿ ನೆರವಾಗುತ್ತದೆ, ಅದಕ್ಕೆ ಮಕ್ಕಳ ಕೈಯಲ್ಲಿ ಸಾಧನವಿರಬೇಕಾಗಿಯೂ ಇಲ್ಲ. ‘ಪ್ಲಿಕರ್ಸ್’ ಎಂಬ ಆ್ಯಪ್‌ನಲ್ಲಿ ಪ್ರತಿ ಮಗುವಿಗೂ ಮುದ್ರಿಸಿದ ಒಂದು ಕಾಗದದ ಕಾರ್ಡು ಸಿಗುತ್ತದೆ. ಅದರ ನಾಲ್ಕು ಅಂಚುಗಳು ಎ, ಬಿ, ಸಿ, ಡಿ ಉತ್ತರಗಳನ್ನು ಸೂಚಿಸುತ್ತವೆ. ಮಗು ತನ್ನ ಉತ್ತರದ ಅಂಚನ್ನು ಮೇಲೆ ಮಾಡಿ ಹಿಡಿಯುತ್ತದೆ, ನೀವು ಫೋನಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ಒಮ್ಮೆ ಹಾಯಿಸಿದರೆ ಯಾರು ಏನು ಉತ್ತರಿಸಿದರೆಂದು ದಾಖಲಾಗುತ್ತದೆ. ಪಕ್ಕದವರ ಉತ್ತರ ಮಗುವಿಗೆ ತಿಳಿಯದು, ತಪ್ಪಿದವರಿಗೆ ಅವಮಾನವೂ ಆಗದು. ದಟ್ಟ ಹಾಳೆಯ ಮೇಲೆ ಮುದ್ರಿಸಿ. ಮಿರುಗುವ ಲ್ಯಾಮಿನೇಶನ್ ಹಾಕಿಸಿದರೆ ಬೆಳಕು ಪ್ರತಿಫಲಿಸಿ ಕ್ಯಾಮೆರಾಗೆ ಓದಲಾಗುವುದಿಲ್ಲ.

ಮನೆಗೆಲಸಕ್ಕೆ ಗೂಗಲ್ ಫಾರ್ಮ್ಸ್ ಬಳಸಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಕ್ವಿಜ್’ ಆಯ್ಕೆ ಮಾಡಿದರೆ ಅಂಕಗಳನ್ನು ಅದೇ ಲೆಕ್ಕ ಹಾಕುತ್ತದೆ. ಇಲ್ಲೊಂದು ಎಚ್ಚರಿಕೆ: ಕನ್ನಡದ ಚಿಕ್ಕ ಉತ್ತರಗಳನ್ನು ಯಂತ್ರದ ಮೌಲ್ಯಮಾಪನಕ್ಕೆ ಬಿಡಬೇಡಿ. ‘ಮಹಾರಾಷ್ಟ್ರ’ ಪದದ ಕೊನೆಯಲ್ಲಿ ಮಗು ಒಂದು ಖಾಲಿ ಜಾಗ ಬಿಟ್ಟರೂ, ಒತ್ತಕ್ಷರವನ್ನು ಬೇರೆ ಕೀಲಿಕ್ರಮದಲ್ಲಿ ಮೂಡಿಸಿದರೂ ಯಂತ್ರ ಅದನ್ನು ತಪ್ಪೆಂದು ಪರಿಗಣಿಸಬಹುದು. ಆದ್ದರಿಂದ ಸ್ವಯಂಚಾಲಿತ ಅಂಕಗಳಿಗೆ ಬಹುಆಯ್ಕೆಯ ಪ್ರಶ್ನೆಗಳನ್ನು ಮಾತ್ರ ಇಡಿ, ಬರೆಯುವ ಉತ್ತರಗಳನ್ನು ನೀವೇ ಓದಿ.

ಮನೆಯಲ್ಲಿ ಒಂದೇ ಫೋನಿದ್ದು, ತಂದೆ ಅದನ್ನು ಹೋಟೆಲಿಗೋ ಕಟ್ಟಡದ ಕೆಲಸಕ್ಕೋ ತೆಗೆದುಕೊಂಡು ಹೋಗಿ ರಾತ್ರಿ ಮರಳುವ ಮನೆಗಳು ನಮ್ಮ ಶಾಲೆಗಳಲ್ಲಿ ಬಹಳ. ಸಂಜೆ ಆರಕ್ಕೆ ಗಡುವು ಇಟ್ಟರೆ ಅಂಥ ಮಗು ಪ್ರತಿಸಲವೂ ಹಿಂದೆ ಬೀಳುತ್ತದೆ. ಕನಿಷ್ಠ ಎರಡು ರಾತ್ರಿಗಳ ಅವಕಾಶ ಕೊಡಿ, ಅದೇ ಪ್ರಶ್ನೆಗಳನ್ನು ಕಾಗದದಲ್ಲಿಯೂ ಒದಗಿಸಿ, ಫೋನಿನ ಮೂಲಕ ಮಾಡಿದ ಮನೆಗೆಲಸಕ್ಕೆ ಪರೀಕ್ಷೆಯ ಅಂಕಗಳನ್ನು ಸೇರಿಸಬೇಡಿ. ಈ ಮಾತಿನಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

ಹಂತ 6: ಮಕ್ಕಳ ಗೋಪ್ಯತೆಯನ್ನು ಕಾಪಾಡಿ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿ 18 ವರ್ಷ ತುಂಬದವರೆಲ್ಲರೂ ಮಕ್ಕಳು, ಅವರ ಮಾಹಿತಿಯ ಬಳಕೆಗೆ ಪಾಲಕರ ಒಪ್ಪಿಗೆಯನ್ನು ಆ ಕಾಯಿದೆ ಮುಖ್ಯವಾಗಿ ಪರಿಗಣಿಸುತ್ತದೆ. ಮಕ್ಕಳ ಫೋಟೊ, ವಿಡಿಯೊ ತೆಗೆಯುವ ಮುನ್ನ ವರ್ಷಾರಂಭದಲ್ಲಿಯೇ ಪಾಲಕರಿಂದ ಲಿಖಿತ ಒಪ್ಪಿಗೆ ಪಡೆದು ಮುಖ್ಯೋಪಾಧ್ಯಾಯರ ಬಳಿ ಇಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರ ದೂರವಾಣಿ ಸಂಖ್ಯೆ ಎಲ್ಲರಿಗೂ ಕಾಣುತ್ತದೆಂಬುದನ್ನು ತಾಯಂದಿರಿಗೆ ಮೊದಲೇ ತಿಳಿಸಿ, ನಿರ್ವಾಹಕರು ಮಾತ್ರ ಸಂದೇಶ ಕಳಿಸುವಂತೆ ಹೊಂದಿಸಿ. ಮಕ್ಕಳ ಅಂಕಪಟ್ಟಿಯನ್ನು ಗುಂಪಿನಲ್ಲಿ ಹಾಕಬೇಡಿ, ಆಧಾರ್ ಪ್ರತಿಗಳನ್ನು ಗುಂಪಿನ ಮೂಲಕ ತರಿಸಿಕೊಳ್ಳಬೇಡಿ. ಯಾರಿಗಾದರೂ ಹಣದ ವಂಚನೆಯಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನು ಪಾಲಕರ ಸಭೆಯಲ್ಲಿ ಹೇಳಿ.

ಹಂತ 7: ಕೃತಕ ಬುದ್ಧಿಮತ್ತೆಯ ಸಾಧನಗಳು

ಚಾಟ್‌ಜಿಪಿಟಿ, ಜೆಮಿನಿಯಂತಹ ಸಾಧನಗಳು ಪಾಠಯೋಜನೆಯ ಕರಡು, ಒಂದೇ ಪರಿಕಲ್ಪನೆಗೆ ಹಲವು ಬಗೆಯ ಅಭ್ಯಾಸ ಪ್ರಶ್ನೆಗಳು, ಕಠಿಣ ಗದ್ಯದ ಸರಳ ರೂಪ ಇವುಗಳಿಗೆ ಉಪಯೋಗವಾಗುತ್ತವೆ. ಪ್ರಶ್ನೆಯಲ್ಲಿ ತರಗತಿ, ಮಕ್ಕಳ ಭಾಷಾಮಟ್ಟ, ಪುಸ್ತಕದ ಪಾರಿಭಾಷಿಕ ಪದಗಳನ್ನು ಸ್ಪಷ್ಟವಾಗಿ ಕೊಟ್ಟಷ್ಟೂ ಉತ್ತರ ಸುಧಾರಿಸುತ್ತದೆ. ಆದರೆ ಇವು ಕನ್ನಡದಲ್ಲಿ ಅಸಹಜ ವಾಕ್ಯಗಳನ್ನು ಕಟ್ಟುತ್ತವೆ, ವಚನಗಳ ಸಾಲುಗಳನ್ನೂ ಗಾದೆಗಳನ್ನೂ ಇಲ್ಲದ್ದನ್ನು ಇದ್ದಂತೆ ಸೃಷ್ಟಿಸಿಕೊಡುತ್ತವೆ. ಮೂಲ ಪುಸ್ತಕದಲ್ಲಿ ಕಣ್ಣಾರೆ ನೋಡದ ಯಾವ ಸಾಲನ್ನೂ ಮಕ್ಕಳಿಗೆ ಬರೆಸಬೇಡಿ. ಮಗುವಿನ ಹೆಸರು, ಅಂಕ, ಮನೆಯ ಸ್ಥಿತಿಗಳನ್ನು ಇವುಗಳಿಗೆ ಎಂದೂ ಕೊಡಬೇಡಿ.

ಹಂತ 8: ಒಟ್ಟಾಗಿ ಕಲಿಯಿರಿ, ದಾಖಲೆಯಿಡಿ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಅಭಿವೃದ್ಧಿಯಲ್ಲಿ ತೊಡಗಬೇಕೆಂದು ಹೇಳುತ್ತದೆ. 2019ರಲ್ಲಿ ಆರಂಭವಾದ ‘ನಿಷ್ಠಾ’ ತರಬೇತಿಯ ಆನ್‌ಲೈನ್ ಪಾಠಗಳು ದೀಕ್ಷಾ ವೇದಿಕೆಯಲ್ಲಿವೆ. ಪ್ರಮಾಣಪತ್ರಗಳನ್ನು ಇಳಿಸಿ ಒಂದೇ ಕಡೆ ಇಟ್ಟುಕೊಳ್ಳಿ. ಕೇವಲ ಪ್ರಮಾಣಪತ್ರಕ್ಕಾಗಿ ವಿಡಿಯೊಗಳನ್ನು ಓಡಿಸಿಬಿಡುವುದು ನಿಮ್ಮದೇ ಸಮಯದ ನಷ್ಟ. ಪ್ರತಿ ಘಟಕ ಮುಗಿದೊಡನೆ ಅದರಲ್ಲಿನ ಒಂದು ಅಂಶವನ್ನಾದರೂ ಅದೇ ವಾರ ತರಗತಿಯಲ್ಲಿ ಮಾಡಿ ನೋಡಿ.

ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಶಿಕ್ಷಕರು ನಾಲ್ಕೈದು ಮಂದಿಯಷ್ಟೇ ಇರುವುದರಿಂದ ಗುಂಪನ್ನು ಶಾಲೆಯಾಚೆಗೂ ವಿಸ್ತರಿಸಬೇಕು. ಬೆಂಗಳೂರಿನ ಶಿಕ್ಷಕರಿಗಿಂತ ಸಾಂಗ್ಲಿ ಜಿಲ್ಲೆಯ ಜತ್, ಸೋಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕನ್ನಡ ಶಾಲೆಗಳ ಶಿಕ್ಷಕರು ಈ ವಿಷಯದಲ್ಲಿ ನಿಮಗೆ ಹತ್ತಿರದವರು, ಏಕೆಂದರೆ ಅವರು ಕಲಿಸುವುದೂ ಬಾಲಭಾರತಿಯ ಇದೇ ಪುಸ್ತಕಗಳನ್ನು. ಪಾಠಗಳನ್ನು ಹಂಚಿಕೊಂಡು ಒಬ್ಬೊಬ್ಬರು ಎರಡೆರಡು ಪಾಠದ ಸಾಮಗ್ರಿ ತಯಾರಿಸಿದರೆ ಒಂದು ವರ್ಷದಲ್ಲಿ ಒಂದು ತರಗತಿಯ ಪುಸ್ತಕ ಪೂರ್ತಿಯಾಗುತ್ತದೆ. ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯಲ್ಲಿ ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಅಳವಡಿಸಿದ ರಣಜಿತ್‌ಸಿಂಹ ಡಿಸಳೆ ಅವರು 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದರು. ಅವರದು ಹಳ್ಳಿಯ ಒಂದು ಚಿಕ್ಕ ಸರ್ಕಾರಿ ಶಾಲೆ.

ಈ ಸಾಮಗ್ರಿಯನ್ನೆಲ್ಲ ಗೂಗಲ್ ಡ್ರೈವ್‌ನಲ್ಲಿ ತರಗತಿ, ವಿಷಯ, ಪಾಠದ ಸಂಖ್ಯೆ ಎಂಬ ಕ್ರಮದಲ್ಲಿ ಜೋಡಿಸಿ. ಕಡತದ ಹೆಸರು ‘ಹೊಸದು’, ‘ಅಂತಿಮ’ ಎಂದಿರದೆ ‘7-ಭೂಗೋಳ-ಪಾಠ 4-ನದಿಗಳು’ ಎಂಬಂತಿರಲಿ. ಹಂಚಿಕೊಳ್ಳುವಾಗ ‘ವೀಕ್ಷಕ’ ಹಕ್ಕನ್ನು ಎಲ್ಲರಿಗೂ, ‘ಸಂಪಾದಕ’ ಹಕ್ಕನ್ನು ಜೊತೆಯಲ್ಲಿ ಕೆಲಸ ಮಾಡುವವರಿಗೆ ಮಾತ್ರ ಕೊಡಿ. ಸಂಪಾದಕ ಹಕ್ಕಿರುವವರು ಕಡತದೊಳಗಿನ ಬರಹವನ್ನೇ ಅಳಿಸಿಬಿಡಬಲ್ಲರು. ಮೇ ರಜೆಗೆ ಊರಿಗೆ ಹೊರಡುವ ಮುನ್ನ ಇಡೀ ಸಂಗ್ರಹದ ಒಂದು ಪ್ರತಿಯನ್ನು ಪೆನ್ ಡ್ರೈವ್‌ನಲ್ಲಿ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿ, ಜೂನ್‌ನಲ್ಲಿ ಆ ತರಗತಿಯನ್ನು ವಹಿಸಿಕೊಳ್ಳುವ ಸಹೋದ್ಯೋಗಿಗೆ ಕೊಂಡಿಯನ್ನು ಕಳಿಸಿ, ಯಾವ ಪಾಠದಲ್ಲಿ ಏನು ಫಲಿಸಿತು, ಏನು ಫಲಿಸಲಿಲ್ಲ ಎಂಬುದರ ಟಿಪ್ಪಣಿಯನ್ನೂ ಅದರೊಳಗೆ ಸೇರಿಸಿ. ವರ್ಗಾವಣೆ ಅಥವಾ ನಿವೃತ್ತಿ ಹತ್ತಿರವಿರುವವರು ಕಡತಗಳ ಒಡೆತನವನ್ನು ಶಾಲೆಯ ಖಾತೆಗೆ ಮೊದಲೇ ವರ್ಗಾಯಿಸಬೇಕು, ಏಕೆಂದರೆ ಅವರ ಖಾತೆ ಮುಚ್ಚಿದರೆ ಅದರಲ್ಲಿನ ಕಡತಗಳೂ ಅಳಿಸಿಹೋಗುತ್ತವೆ.